ರಕ್ತದ ವರದಿ ಫೈಲಿನಲ್ಲೇ ಉಳಿಯದಿರಲಿ

ಮಾನ್ಯರೇ,

ಕಳೆದ ವರ್ಷ ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನಮ್ಮ ಅಣ್ಣನವರ ದೊಡ್ಡ ಕರುಳಿನ ಗೆಡ್ಡೆ ತೆಗೆದು, ಕರುಳನ್ನು ಮತ್ತೆ ಜೋಡಿಸಿ ಹೊಲಿದು, ಐದನೇ ದಿನ ಸಂಜೆ ಮಂಡ್ಯಕ್ಕೆ ಕಳುಹಿಸಿದರು. ಏಳನೇ ದಿನದ ರಾತ್ರಿ ಚಳಿಜ್ವರ ಬಂದು ಹೊಟ್ಟೆ ಕಲ್ಲಿನಂತಾಯಿತು. ಒಳಗಿನ ಹೊಲಿಗೆ ಬಿಟ್ಟು ಸೋರಿದ್ದರಿಂದ ಮತ್ತೆ ಆಪರೇಷನ್ ಆಗಬೇಕಾಯಿತು. ಎರಡನೇ ಬಾರಿ ನೋಡಿದ ವೈದ್ಯರು ಹಳೆಯ ಫೈಲಿನಿಂದ ಎರಡು ಹಾಳೆ ತೆಗೆದು ಮಂಚದ ಮೇಲೆ ಅಕ್ಕಪಕ್ಕ ಇಟ್ಟರು. ದೇಹದಲ್ಲಿ ಉರಿಯೂತವಾದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಎಂಬ ಪ್ರೋಟೀನು ಮೂರನೇ ದಿನ ಲೀಟರಿಗೆ 168 ಮಿಲಿಗ್ರಾಂ, ಐದನೇ ದಿನ ಬೆಳಿಗ್ಗೆ 214. ಎರಡನೆಯ ಹಾಳೆಯಲ್ಲಿ ಲ್ಯಾಬಿನ ಮೊಹರಿತ್ತೇ ಹೊರತು ವಾರ್ಡಿನಲ್ಲಿ ಯಾರಾದರೂ ಅದನ್ನು ನೋಡಿದ ಗುರುತಿಗೆ ಒಂದು ಸಹಿಯೂ ಇರಲಿಲ್ಲ.

ಯಕೃತ್ತು ತಯಾರಿಸುವ ಈ ಪ್ರೋಟೀನು ಯಾವ ದೊಡ್ಡ ಶಸ್ತ್ರಚಿಕಿತ್ಸೆಯಾದರೂ ಏರಿಯೇ ಏರುತ್ತದೆ; ಎರಡು-ಮೂರು ದಿನಗಳಲ್ಲಿ ತುದಿ ಮುಟ್ಟಿ, ಒಳಗೆಲ್ಲ ಸರಿಯಿದ್ದರೆ ಇಳಿಯತೊಡಗುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧಕ್ಕಿಳಿಯಲು ಹಿಡಿಯುವ ಸಮಯ, ಸುಮಾರು 19 ಗಂಟೆಯಾದ್ದರಿಂದ ಇಳಿತ ದಿನದಿನಕ್ಕೂ ಕಾಣಬೇಕು. ಕರುಳಿನ ಶಸ್ತ್ರಚಿಕಿತ್ಸೆಯಾದ ಮೂರು-ನಾಲ್ಕನೇ ದಿನ ಅದು ಸುಮಾರು 150ಕ್ಕಿಂತ ಕೆಳಗಿದ್ದರೆ ಸೋರಿಕೆಯ ಸಂಭವ ಕಡಿಮೆಯೆಂದು ವೈದ್ಯರು ಧೈರ್ಯ ಹೇಳಬಲ್ಲರು. ಹೆಚ್ಚಿದ್ದ ಮಾತ್ರಕ್ಕೆ ಸೋರಿಕೆಯೇ ಎನ್ನಲಾಗದು: ಶ್ವಾಸಕೋಶದ ಸೋಂಕಾಗಿರಬಹುದು, ಗಾಯ ಕೀವಾಗಿರಬಹುದು. ಆದರೆ ಏರುತ್ತಲೇ ಇರುವಾಗ ಕಾರಣ ಹುಡುಕದೆ ಮನೆಗೆ ಕಳುಹಿಸುವುದು ಸರಿಯಲ್ಲ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು. 168 ಆದ ಮೇಲೆ 214 ಬಂದರೆ ಏರಿಕೆಯೆಂದು ಎಂಟನೇ ತರಗತಿಯ ಮಕ್ಕಳೂ ಹೇಳಿಯಾರು.

ಎಚ್ಚರಿಸುವ ರಕ್ತ ಪರೀಕ್ಷೆ ಇದೊಂದೇ ಅಲ್ಲ. ಶಸ್ತ್ರಚಿಕಿತ್ಸೆಗೆ ಮುನ್ನವೇ ರಕ್ತದಲ್ಲಿನ ಅಲ್ಬುಮಿನ್ ಎಂಬ ಪ್ರೋಟೀನು ಡೆಸಿಲೀಟರಿಗೆ 3.5 ಗ್ರಾಮಿಗಿಂತ ಕಡಿಮೆಯಿದ್ದರೆ ತೊಡಕುಗಳ ಅಪಾಯ ಹೆಚ್ಚು. ನೋವಿನ ಔಷಧದಲ್ಲಿರುವ ವೃದ್ಧರಿಗೆ ಎದೆನೋವೇ ಕಾಣದೆ ಹೃದಯಕ್ಕೆ ಪೆಟ್ಟಾದರೂ ಟ್ರೋಪೋನಿನ್ ಪರೀಕ್ಷೆ ಅದನ್ನು ತೋರಿಸಿಕೊಡುತ್ತದೆ. ಹಾಗೆಂದು ಎಲ್ಲರಿಗೂ ಎಲ್ಲ ಪರೀಕ್ಷೆ ಮಾಡಿಸಿ ಎನ್ನುತ್ತಿಲ್ಲ. ಪ್ಯಾಕೇಜಿನ ಹೆಸರಿನಲ್ಲಿ ಬಿಲ್ಲು ಬೆಳೆಸಲು ಕಾಯುವವರಿಗೆ ನನ್ನ ಈ ಪತ್ರವೇ ನೆಪವಾಗಬಾರದು.

ನನ್ನ ಕೋರಿಕೆ ಚಿಕ್ಕದು. ಮಾಡಿದ ಪರೀಕ್ಷೆಗಳ ಅಂಕಿಗಳನ್ನು ದಿನಾಂಕವಾರು ಒಂದೇ ಪಟ್ಟಿಯಲ್ಲಿ ಬಿಡುಗಡೆ ಪತ್ರದ ಮೊದಲ ಪುಟದಲ್ಲೇ ನಮೂದಿಸಿ, ಕೊನೆಯ ವರದಿಯನ್ನು ನೋಡಿದ ವೈದ್ಯರು ಅದರ ಪಕ್ಕದಲ್ಲಿ ಸಹಿ ಹಾಕಿದ ನಂತರವೇ ರೋಗಿಯನ್ನು ಕಳುಹಿಸುವಂತೆ ಆರೋಗ್ಯ ಇಲಾಖೆ ಸೂಚಿಸಲಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಯಂಥ ಬೋಧನಾ ಆಸ್ಪತ್ರೆಗಳು ಇದನ್ನು ಮೊದಲು ಜಾರಿಗೆ ತರಬಹುದು. ಯಾವ ಲಕ್ಷಣ ಕಂಡರೆ ತಡಮಾಡದೆ ಮರಳಿ ಬರಬೇಕೆಂಬುದನ್ನು ಅದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡಲಿ; ಆ ರಾತ್ರಿ ನಾವು ಗ್ಯಾಸ್ ಇರಬೇಕೆಂದುಕೊಂಡು ಓಮದ ನೀರು ಕುಡಿಸಿ ಬೆಳಗಾಗುವುದನ್ನು ಕಾದಿದ್ದೆವು.

— ನಿವೃತ್ತ ಶಿಕ್ಷಕ, ಮಂಡ್ಯ