ಹಕ್ಕಿಗೆ ಮಾರ್ಕ್ಸು, ಅಕ್ಕಿಗೆ ಕೆಂಪಿಂಕು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ಇದೇ ಕಾಲಂನಲ್ಲಿ ಓದುಗರೊಬ್ರು ಬರ್ದಿದ್ರು, ಭಾನುವಾರದ ಪುರವಣಿ ಕಥೆಗಳಲ್ಲಿ 'ಐತೆ', 'ಬತ್ತೀನಿ', 'ಒಂಟೋದ' ಅಂತೆಲ್ಲ ಹಾಕ್ತೀರ, ಮಕ್ಕಳ ಕನ್ನಡ ಕೆಟ್ಟೋಗುತ್ತೆ, ಶುದ್ಧ ಕನ್ನಡದ ಕಥೆ ಮಾತ್ರ ಹಾಕಿ ಅಂತ. ಅವ್ರ ಭಯ ಸುಳ್ಳಲ್ಲ, ಪರೀಕ್ಷೇಲಿ ಹುಡುಗ 'ಓಯ್ತಾನೆ' ಅಂತ ಬರೆದ್ರೆ ಮಾರ್ಕ್ಸ್ ಹೋಗೋದಂತೂ ಗ್ಯಾರಂಟಿ. ಆದ್ರೆ ಕೆಡೋದು ಅಂತ ಯಾವುದಕ್ಕಂತೀವಿ ಅನ್ನೋದ್ರಲ್ಲೇ ನನ್ನ ತಕರಾರಿರೋದು.

ನಮ್ಮ ಚಿಂತಾಮಣಿ ಕಡೆ ಹಳ್ಳಿಗಳಲ್ಲಿ 'ಹ' ಅನ್ನೋದು ಬಾಯಲ್ಲಿ ನಿಲ್ಲಲ್ಲ, ಹಾಲು ಆಲಾಗುತ್ತೆ, ಹಸು ಅಸು, ಹೋಗು ಓಗು. ತುಮಕೂರು, ಮಂಡ್ಯ ಕಡೇನೂ ಹಿಂಗೇ. ಇದಕ್ಕೆ ಎಲ್ರೂ ನಗ್ತಾರೆ. ಸರಿ, ಆ ಹಾಲಾದ್ರೂ ಎಲ್ಲಿಂದ ಬಂತು? 10ನೇ ಶತಮಾನದಲ್ಲಿ ಪಂಪ ಬರೆಯೋವಾಗ ಅದು ಪಾಲ್, ಆಮೇಲೆ ನೂರಾರು ವರ್ಷ ಜನ ಆಡ್ತಾ ಆಡ್ತಾ 'ಪ' ಸವೆದು 'ಹ' ಆಯ್ತು, ನಮ್ಮೋರು ಅದನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಸವೆಸಿದ್ದಾರೆ ಅಷ್ಟೇ. ಮೊದಲನೇ ಸವೆತ ಭಾಷೆಯ ಬೆಳವಣಿಗೆ, ಎರಡನೇದು ನಾಲಿಗೆ ಹೊರಳದೋರ ದೋಷ ಅಂತೆ!

ವ್ಯಾಕರಣದ ಪಾಠದಲ್ಲಿ ಇನ್ನೂ ತಮಾಷೆ. ತತ್ಸಮ ತದ್ಭವ ಅಂತ ಬಾಯಿಪಾಠ ಮಾಡಿಸ್ತಾರಲ್ಲ, ಯಶ ಜಸ, ಕಾರ್ಯ ಕಜ್ಜ, ಪಕ್ಷಿ ಹಕ್ಕಿ. ಅವೆಲ್ಲ ಯಾವ್ದೋ ಕಾಲದ ಜನ ಬಾಯಿಗೆ ಬಂದಂಗೆ ತಿರುಚಿದ ಪದಗಳೇ ತಾನೇ? ಪಕ್ಷಿ ಹಕ್ಕಿ ಆದ್ರೆ ಮಾರ್ಕ್ಸು, ಹಕ್ಕಿ ಅಕ್ಕಿ ಆದ್ರೆ ಕೆಂಪಿಂಕು. ಬೈಸ್ಕೊಂಡೂ ಬೈಸ್ಕೊಂಡೂ ಮಕ್ಕಳು ಹೆದರಿ ಇಲ್ಲದ ಕಡೇನೂ 'ಹ' ಸೇರಿಸಿ 'ಹಾನೆ', 'ಹೆಲೆ' ಅಂತಾವೆ, ಅದಕ್ಕೆ ಮತ್ತೆ ನಗು. ಮತ್ತೆ 'ಗ್ರಾಂಥಿಕ ರೂಪ ಬರೆಯಿರಿ' ಅನ್ನೋ ಪ್ರಶ್ನೆ ಬರುತ್ತಲ್ಲ, 'ನಿಮ್ಮೂರಲ್ಲಿ ಇದನ್ನ ಹೆಂಗಂತಾರೆ ಬರೆಯಿರಿ' ಅಂತ ಉಲ್ಟಾ ಕೇಳಿದ್ದು ನಾನಂತೂ ನೋಡಿಲ್ಲ.

ಇನ್ನು ಶುದ್ಧ ಅಂದ್ರೆ ಯಾವೂರಿಂದು ಸ್ವಾಮಿ? ಕ್ರಿ.ಶ. 850ರ ಆಸುಪಾಸಿನ ಕವಿರಾಜಮಾರ್ಗ ಅನ್ನೋ ಹಳೇ ಗ್ರಂಥ ತಿರುಳ್ಗನ್ನಡ, ಅಂದ್ರೆ ಅಸಲಿ ಕನ್ನಡ, ಅಂತ ಹೇಳೋದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದದ ನಡುವಿನ ಸೀಮೇನ. ಅಂದ್ರೆ ಈಗಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಮೈಸೂರೂ ಇಲ್ಲ ಬೆಂಗಳೂರೂ ಇಲ್ಲ ಅದ್ರಲ್ಲಿ. ಅಲ್ಲೇ 'ಕನ್ನಡಂಗಳ್' ಅಂತ ಬಹುವಚನದಲ್ಲೇ ಹೇಳಿ, ಊರೂರಿನ ದೇಸಿ ಬೇರೆ ಬೇರೆ ಇರೋದ್ರಿಂದ ಇವುಗಳಲ್ಲಿ ತಪ್ಪೆಷ್ಟು ಅಂತ ಲೆಕ್ಕ ಹಾಕೋಕೆ ಹೋದ್ರೆ ಸರ್ಪರಾಜ ವಾಸುಕಿಗೂ ಬೇಜಾರಾಗುತ್ತೆ ಅಂತ ಬರೆದವ್ರೆ. ಆ ಓದುಗರು ವಾಸುಕಿಗಿಂತ ಗಟ್ಟಿ ಇರ್ಬೇಕು.

ಸಾಹಿತ್ಯದಲ್ಲಿ ಆಡುಮಾತಿಗೆ ಜಾಗ ಇಲ್ಲ ಅಂತಲ್ಲ. ರಾಜರತ್ನಂ ಅವರ ರತ್ನ 'ಹೆಂಡ' ಅನ್ನಲ್ಲ, 'ಯೆಂಡ' ಅಂತಾನೆ, ಅದನ್ನ ಎಲ್ರೂ ಖುಷಿಯಾಗೇ ಹಾಡ್ತಾರೆ. ಆದ್ರೆ ಅವನು ಕುಡುಕ, ಅದಕ್ಕೆ ಮಾಫಿ ಅನ್ಸುತ್ತೆ. ಎಷ್ಟೋ ಕಥೆ, ಸಿನಿಮಾಗಳಲ್ಲೂ ಅಷ್ಟೇ, ನಮ್ಮ ಮಾತು ಆಳುಮಗನಿಗೋ ಕಾಮಿಡಿಯೋನಿಗೋ ಸಿಗುತ್ತೆ, ಹೀರೋ ಮತ್ತೆ ಕಥೆ ಹೇಳೋನು ಇಬ್ರೂ ಇಸ್ತ್ರಿ ಮಾಡಿದ ಕನ್ನಡ. ದೇವನೂರ ಮಹಾದೇವರ ಕುಸುಮಬಾಲೆ ಇಷ್ಟ ಆಗೋದೇ ಇದಕ್ಕೆ, ಅಲ್ಲಿ ಕಥೆ ಹೇಳೋ ದನೀನೇ ನಂಜನಗೂಡು ಸೀಮೇದು, ಆ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತೀನೂ ಬಂತು. ನಮ್ಮ ಪಕ್ಕದ ಕೈವಾರದ ತಾತಯ್ಯನೋರು, ಅಂದ್ರೆ ಯೋಗಿ ನಾರೇಯಣರು, ತೆಲುಗಲ್ಲೂ ಹಾಡಿದ್ರು ಕನ್ನಡದಲ್ಲೂ ಹಾಡಿದ್ರು (ನಮ್ಮನೇಲೂ ತೆಲುಗೇ, ಬೀದೀಗೆ ಬಂದ್ರೆ ಕನ್ನಡ), ಭಜನೇಲಿ ಕೂತೋರು ಯಾರೂ ಶುದ್ಧಿ ಪರೀಕ್ಷೆ ಮಾಡಲ್ಲ.

ಕೊನೇಗೆ ನಿಮ್ಮ ಮೇಲೂ ಒಂದು ದೂರಿದೆ. ಕೋಲಾರದ ಮಂಡೀಲಿ ಟೊಮ್ಯಾಟೊ ರೇಟು ಬಿದ್ದಾಗ ನಮ್ಮ ರೈತ ಅನ್ನೋದು 'ಬಾಕ್ಸು ಈ ರೇಟಿಗೋದ್ರೆ ಕಿತ್ತ ಕೂಲೀನೂ ಗಿಟ್ಟಾಕಿಲ್ಲ ಸ್ವಾಮಿ' ಅಂತ. ಮಾರನೇ ದಿನ ಪೇಪರಲ್ಲಿ 'ಬೆಲೆ ಕುಸಿತದಿಂದ ತೀವ್ರ ಸಂಕಷ್ಟಕ್ಕೆ ಸಿಲುಕಿದ್ದೇವೆ ಎಂದು ಅಳಲು ತೋಡಿಕೊಂಡರು'! ಅಳಲು ತೋಡ್ಕೊಳೋ ರೈತನ್ನ ನಾನಿನ್ನೂ ನಮ್ಮ ಕಡೆ ನೋಡಿಲ್ಲ. ವರದಿ ನಿಮ್ಮ ಭಾಷೇಲೇ ಇರ್ಲಿ, ಕೋಟ್ ಮಾರ್ಕ್ ಒಳಗಿನ ಸಾಲಾದ್ರೂ ಅವನಂದಂಗೇ ಹಾಕಿ, ಪುರವಣಿ ಕಥೆಗಳ್ನ ಯಾರು ಪತ್ರ ಬರೆದ್ರೂ ತಿದ್ದೋಕೆ ಹೋಗ್ಬೇಡಿ.

— ಒಬ್ಬ ಓದುಗ, ಚಿಂತಾಮಣಿ