ಸಣ್ಣ ಹೋಂಸ್ಟೇಗೆ ಇಡೀ ಸರ್ವರ್ ಯಾಕೆ?

ಮಾನ್ಯರೇ,

ಕಕ್ಕಬ್ಬೆ ಹತ್ತಿರ ನಮ್ಮದು ನಾಲ್ಕು ಕೋಣೆಯ ಹೋಂಸ್ಟೇ. ಅದರ ವೆಬ್‌ಸೈಟಿನಲ್ಲೇ ಕಾಫಿಪುಡಿ, ಕರಿಮೆಣಸು, ಜೇನು ಮಾರುತ್ತೇವೆ. ಮೊದಲು ಸೈಟ್ ಶೇರ್ಡ್ ಹೋಸ್ಟಿಂಗ್‌ನಲ್ಲಿತ್ತು, ಅಂದರೆ ಒಂದೇ ಸರ್ವರ್‌ನಲ್ಲಿ (ಸೈಟ್ ಇಟ್ಟು ಓಡಿಸುವ ಕಂಪ್ಯೂಟರ್) ಎಷ್ಟೋ ಜನರ ಸೈಟುಗಳ ಜೊತೆ. ಸಾಲು ರಜೆ ಬಂತೆಂದರೆ ತೆರೆಯುತ್ತಲೇ ಇರಲಿಲ್ಲ. ಸರ್ವರ್ ಮಾರುವವರೊಬ್ಬರು, 'ಡೆಡಿಕೇಟೆಡ್ ತಗೊಳ್ಳಿ ಮೇಡಂ, ಇಡೀ ಮೆಷಿನ್ ನಿಮ್ಮೊಬ್ಬರದೇ' ಎಂದರು. ತಿಂಗಳಿಗೆ 9,500 ರೂಪಾಯಿ. ಒಪ್ಪಿಕೊಂಡೆ.

ಕಳೆದ ತುಲಾ ಸಂಕ್ರಮಣದ ವಾರ ಆ ಮೆಷಿನ್ನಿನ ಡಿಸ್ಕ್ ಕೆಟ್ಟಿತು. ತಲಕಾವೇರಿಗೆ ಹೋಗುವವರು ಕೋಣೆ ಹುಡುಕುವ ಸಮಯ ಅದು. ಒಂದು ಡಿಸ್ಕ್ ಹೋದರೆ ಇನ್ನೊಂದು ಕೈಹಿಡಿಯುವಂತೆ ರೇಡ್ ಹಾಕಿರಲಿಲ್ಲ. ಬ್ಯಾಕಪ್ ಕೇಳಿದರೆ 'ಅದು ನಿಮ್ಮ ಜವಾಬ್ದಾರಿ' ಎಂದುಬಿಟ್ಟರು. ಎರಡು ದಿನ ಸೈಟ್ ಇಲ್ಲ, ಬುಕಿಂಗ್ ಪಟ್ಟಿಯೂ ಇಲ್ಲ. ವಾಟ್ಸಾಪ್ ಮೆಸೇಜು ಹುಡುಕಿ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆದರೂ ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಂತವು. ಮಳೆಯಲ್ಲಿ ನೆನೆದ ಬ್ಯಾಗ್ ಹಿಡಿದುಕೊಂಡು ವಯಸ್ಸಾದ ದಂಪತಿ ಜಗಲಿಯಲ್ಲಿ ಕೂತಿದ್ದರು. ನಮ್ಮದೇ ಮಲಗುವ ಕೋಣೆ ಬಿಟ್ಟುಕೊಟ್ಟೆವು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಅಣ್ಣನ ಮಗ ಬಂದು ನೋಡಿದ. 32 ಜಿಬಿ ಮೆಮೊರಿಯ ಮೆಷಿನ್, ನಮ್ಮ ಸೈಟಿಗೆ 2 ಜಿಬಿಯೂ ಖರ್ಚಾಗುತ್ತಿರಲಿಲ್ಲ. 'ಅತ್ತೆ, ನಿಮಗೆ ವಿಪಿಎಸ್ ಸಾಕು' ಎಂದ. ವರ್ಚುವಲ್ ಪ್ರೈವೇಟ್ ಸರ್ವರ್, ಅಂದರೆ ದೊಡ್ಡ ಮೆಷಿನ್ನಿನಲ್ಲಿ ನಮಗೆಂದೇ ಒಂದು ಪಾಲು. ನನಗೆ ಅರ್ಥವಾಗಿದ್ದು ನಮ್ಮ ತೋಟದ ಲೈನ್ ಮನೆ ನೆನೆಸಿಕೊಂಡಾಗ. ಶೇರ್ಡ್ ಅಂದರೆ ಎಲ್ಲರೂ ಒಂದೇ ಹಾಲ್‌ನಲ್ಲಿ ಮಲಗಿದ ಹಾಗೆ. ಡೆಡಿಕೇಟೆಡ್ ಅಂದರೆ ಇಡೀ ಬಂಗಲೆ. ವಿಪಿಎಸ್ ಅಂದರೆ ಲೈನ್ ಮನೆ. ಕಟ್ಟಡ ಒಂದೇ, ಆದರೆ ಪ್ರತಿ ಮನೆಗೂ ಬೇರೆ ಬಾಗಿಲು, ಬೇರೆ ಬೀಗ, ಬೇರೆ ಒಲೆ. ಒಂದು ದೊಡ್ಡ ಮೆಷಿನ್ನನ್ನು ಹೈಪರ್‌ವೈಸರ್ ಎಂಬ ಸಾಫ್ಟ್‌ವೇರ್ ಹೀಗೆ ಪಾಲು ಮಾಡುತ್ತದೆ.

ಪಕ್ಕದ ಮನೆಯವರು ಟ್ಯಾಂಕಿನ ನೀರೆಲ್ಲ ಎಳೆದರೆ ನಮ್ಮ ನಲ್ಲಿ ಸಣ್ಣಗಾಗುತ್ತದೆ, ಅಲ್ವಾ? ವಿಪಿಎಸ್‌ನಲ್ಲೂ ಆ ತೊಂದರೆ ಉಂಟು. ವಿಪಿಎಸ್ ತೆಗೆದುಕೊಂಡ ಮೇಲೆ ಅಣ್ಣನ ಮಗ ಕಪ್ಪು ಸ್ಕ್ರೀನಿನಲ್ಲಿ 'ಟಾಪ್' ಎಂಬ ಕಮಾಂಡ್ ಹೊಡೆದು, 'ಎಸ್‌ಟಿ' ಎಂದಿರುವ ಒಂದು ಅಂಕಿ ತೋರಿಸಿದ. ನಮಗೆ ಪ್ರೊಸೆಸರ್ ಬೇಕಾದಾಗ ಸಿಗದೆ ಕಾದ ಸಮಯ ಅದು. ನಮ್ಮದರಲ್ಲಿ ಸೊನ್ನೆ ಇತ್ತು. ಜಾಸ್ತಿಯಾದರೆ ಕಂಪನಿಯವರಿಗೆ ಹೇಳಿ ಬೇರೆ ಮೆಷಿನ್ನಿಗೆ ಹಾಕಿಸಬಹುದು.

ಈಗ 4 ಜಿಬಿಯ ವಿಪಿಎಸ್‌ಗೆ ತಿಂಗಳಿಗೆ 1,400 ರೂಪಾಯಿ ಕೊಡುತ್ತಿದ್ದೇನೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಜನ ಸೇರುವ ವಾರಗಳಲ್ಲಿ ಮೆಮೊರಿ ಏರಿಸಿ, ಮುಗಿದ ಮೇಲೆ ಇಳಿಸುತ್ತೇನೆ. ಒಮ್ಮೆ ರೀಸ್ಟಾರ್ಟ್ ಮಾಡಿದರೆ ಆಯಿತು. ಡಿಸ್ಕ್ ಮಾತ್ರ ಹಿಗ್ಗಿಸಬಾರದು. ಹಿಗ್ಗಿಸಿದರೆ ಸಾಮಾನ್ಯವಾಗಿ ಮತ್ತೆ ಕುಗ್ಗಿಸಲು ಬಿಡುವುದಿಲ್ಲ.

ಡೆಡಿಕೇಟೆಡ್ ಕೆಟ್ಟದ್ದು ಅನ್ನುತ್ತಿಲ್ಲ. ಹಗಲು ರಾತ್ರಿ ಭಾರಿ ಡೇಟಾಬೇಸ್ ಓಡಿಸುವವರಿಗೆ ಅದೇ ಸರಿ. ನಾಲ್ಕು ಕೋಣೆಯವರ ತಲೆಗೆ ಅದನ್ನು ಕಟ್ಟುವುದು ಅನ್ಯಾಯ.

ಇನ್ನೊಂದು ಮಾತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದು ಡೇಟಾ ಸೆಂಟರ್ ಸುಟ್ಟುಹೋಯಿತು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಎಷ್ಟೋ ಜನ ಎಲ್ಲವನ್ನೂ ಕಳೆದುಕೊಂಡರು. ವಿಪಿಎಸ್ ಇರಲಿ, ಡೆಡಿಕೇಟೆಡ್ ಇರಲಿ, ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ನಮ್ಮ ಸರ್ವರ್ ಬೆಂಗಳೂರಿನಲ್ಲಿದೆ, ಬ್ಯಾಕಪ್ ದಿನಾ ರಾತ್ರಿ ಎರಡು ಗಂಟೆಗೆ ಮುಂಬೈಗೆ ಹೋಗುತ್ತದೆ.

ಸರ್ವರ್ ಮಾರುವವರಲ್ಲಿ ನನ್ನ ಕೋರಿಕೆ ಇಷ್ಟೇ. ಡಿಸ್ಕ್ ಕೆಟ್ಟರೆ ಎಷ್ಟು ಗಂಟೆಯಲ್ಲಿ ಬದಲಿಸುತ್ತೀರಿ, ರೇಡ್ ಇದೆಯಾ, ಬ್ಯಾಕಪ್ ಯಾರದ್ದು ಎಂಬುದನ್ನು ಹಣ ತೆಗೆದುಕೊಳ್ಳುವ ಮೊದಲೇ ಕನ್ನಡದಲ್ಲಿ ಬರೆದುಕೊಡಿ.

– ಹೋಂಸ್ಟೇ ಮಾಲಕಿ, ಕಕ್ಕಬ್ಬೆ, ಕೊಡಗು