ತೆನೆ ಮೂರನೇ ಮಹಡಿಗೂ ಹೋಗಲಿ

ಮಾನ್ಯ ಸಂಪಾದಕರೇ,

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್‌ಗೆ ಬುಟ್ಟಿ ತುಂಬ ಹೂ ಹಿಡಿದು ಚರ್ಚಿಗೆ ಹೊರಟ ಮಕ್ಕಳ ಚಿತ್ರ ತಮ್ಮ ಪತ್ರಿಕೆಯಲ್ಲಿ ನೋಡಿ ಬಹಳ ಖುಷಿಯಾಯಿತು. ಆ ಹಬ್ಬದ ಬಗ್ಗೆಯೇ ನನಗೊಂದು ಮಾತು ಹೇಳುವುದಿದೆ.

ಮೊಂತಿ ಫೆಸ್ತ್ ಎಂದರೆ ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ. ಅದು ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ತೆನೆಹಬ್ಬವೂ ಹೌದು. ಗುರುಗಳು ಆಶೀರ್ವದಿಸಿದ ಭತ್ತದ ತೆನೆ ಮನೆಗೆ ತಂದು, ಕಾಳು ಸುಲಿದು, ತೆಂಗಿನ ಹಾಲಿಗೆ ಹಾಕಿ ಎಲ್ಲರೂ ಒಟ್ಟಿಗೆ ಕುಡಿಯುತ್ತೇವೆ. ನನ್ನ ತಾಯಿ ಬೊಂಬಾಯಿಯಲ್ಲಿದ್ದ ಅಣ್ಣನಿಗೆ ಲಕೋಟೆಯಲ್ಲಿ ನಾಲ್ಕು ಕಾಳು ಅಂಚೆಗೆ ಹಾಕುತ್ತಿದ್ದರು. ಈಗ ಮಂಗಳೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳೆಲ್ಲ ದುಬೈ, ಕುವೈತ್, ಕೆನಡಾ. ಉಳಿದಿರುವುದು ವಯಸ್ಸಾದ ಒಂದು ಜೀವ.

ನಾನು 34 ವರ್ಷ ನರ್ಸ್ ಆಗಿದ್ದವಳು. ನಿವೃತ್ತಿಯಾದ ಮೇಲೆ ನಮ್ಮ ವಾಳೆಯ (ಚರ್ಚಿನ ವಾರ್ಡಿನ) ಮುಖ್ಯಸ್ಥರಾದ ಗುರಿಕಾರರು ಹಾಸಿಗೆ ಹಿಡಿದ ಮೂವರ ವಿಳಾಸ ಬರೆದುಕೊಟ್ಟರು. ಅದರಲ್ಲಿ ಒಬ್ಬರು ಮೂರನೇ ಮಹಡಿಯ ಫ್ಲಾಟಿನ 86 ವರ್ಷದ ಅಜ್ಜಿ. ಸೊಂಟದ ಮೂಳೆ ಮುರಿದ ಮೇಲೆ ಎದ್ದಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ ಖಾಲಿ ಹೊಟ್ಟೆಯಲ್ಲೇ ಹೋಗುತ್ತಿದ್ದೆ. ಮೈ ಒರೆಸಿ, ಮಗ್ಗುಲು ಬದಲಿಸಿ, ಬೆನ್ನಿನ ಹುಣ್ಣು ತೊಳೆದು, ಗಡಿಯಾರ ನೋಡಿ ಮುಂದಿನ ಮನೆಗೆ ಓಟ. ಕೆಲಸದಲ್ಲಿ ಒಂದು ಕೊರತೆ ಇರಲಿಲ್ಲ. ಒಂದು ದಿನ ಅಜ್ಜಿ ನನ್ನ ಕೈ ಹಿಡಿದು ಕೇಳಿದರು, "ಬಾಯ್, ನನ್ನ ಮೇಲೆ ಸಿಟ್ಟುಂಟಾ? ಬೇಜಾರಲ್ಲಿ ಬರುವುದಾದರೆ ಬರುವುದು ಬೇಡ. ಒಂದು ದಿನ ಮೈ ಒರೆಸದಿದ್ದರೆ ನಾನು ಸಾಯುವುದಿಲ್ಲ."

ಆ ರಾತ್ರಿ ನಿದ್ದೆ ಬರಲಿಲ್ಲ. ಸಂತ ಪೌಲರು ರೋಮಿನವರಿಗೆ ಬರೆದ ಪತ್ರದಲ್ಲಿ, ಕರುಣೆ ತೋರಿಸುವವನು ಅದನ್ನು ಸಂತೋಷದಿಂದ ಮಾಡಲಿ ಎಂದಿದ್ದಾರೆ. ಎಷ್ಟು ಸಲ ಓದಿದ್ದೆನೋ. ನನ್ನ ಕಣ್ಣಿಗೆ ಬಿದ್ದದ್ದು ಕರುಣೆ ಮಾತ್ರ, ಸಂತೋಷ ಅಲ್ಲ.

ಮರುವಾರ ಮೂರು ಮನೆಯಲ್ಲಿ ಒಂದನ್ನು ಇನ್ನೊಬ್ಬರಿಗೆ ಒಪ್ಪಿಸಿದೆ. ತಿಂಡಿ ತಿಂದು ಹೋಗತೊಡಗಿದೆ. ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆಯ ಹಿಟ್ಟು ಒಂದು ಡಬ್ಬಿಯಲ್ಲಿ ಕೊಂಡುಹೋಗಿ ನಾಲಿಗೆಗೆ ಹಚ್ಚಿದೆ. "ಹುಳಿ ಎಲ್ಲಿ? ಕೆಸುವು ಗಂಟಲು ತುರಿಸುತ್ತದೆ, ನೋಡು" ಎಂದು ಬೈದರು. ಬೈಯುವಾಗ ಅವರ ಮುಖ ನೋಡಬೇಕಿತ್ತು! ಅಂದಿನಿಂದ ಆ ಮನೆಗೆ ಹೋಗುವುದು ನನಗೆ ಕೆಲಸವೇ ಅಲ್ಲ.

ಜೆಸ್ವಿಟ್ ಗುರು ಫಾದರ್ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಮದ್ದು ಕೊಡಲು ಶುರುಮಾಡಿದ್ದು ನಮಗೆಲ್ಲ ಗೊತ್ತು. 1890ರಲ್ಲಿ ಅವರು ಕುಷ್ಠರೋಗಿಗಳಿಗೂ ಆಶ್ರಯ ಕಟ್ಟಿದರು. ಆಗ ಕುಷ್ಠ ವಾಸಿಯಾಗುವ ಮದ್ದೇ ಇರಲಿಲ್ಲ. ಕೊಡಲು ಇದ್ದದ್ದು ಒಂದು ಸೂರು, ಅನ್ನ, ಹತ್ತಿರ ಬರಲು ಹೇಸದ ಮನುಷ್ಯರು. ನರ್ಸ್ ಆಗಿ ನನಗೆ ಅವರ ಹೆಸರಿನ ದೊಡ್ಡ ಆಸ್ಪತ್ರೆಗಿಂತ ದೊಡ್ಡದಾಗಿ ಕಾಣುವುದು ಇದು.

ಆದ್ದರಿಂದ ಎಲ್ಲ ವಾಳೆಯವರಲ್ಲಿ ನನ್ನ ವಿನಂತಿ. ಒಂಟಿಯಾಗಿರುವವರ ಪಾಲಿನ ತೆನೆಯನ್ನು ವಾಚ್‌ಮನ್ ಕೈಗೆ ಕೊಟ್ಟು ಬರಬೇಡಿ. ಮೆಟ್ಟಿಲು ಹತ್ತಿ, ಕೂತು, ಅವರ ಜೊತೆಯಲ್ಲೇ ಊಟ ಮಾಡಿ. ಈ ಸಲ ನಾನು ನೆರೆಮನೆಯ ಇಬ್ಬರು ಮಕ್ಕಳನ್ನು ಅಜ್ಜಿಯ ಮನೆಗೆ ಕರೆದುಕೊಂಡು ಹೋದೆ. ಬುಟ್ಟಿಯಲ್ಲಿ ಉಳಿದಿದ್ದ ಹೂ ಹಾಸಿಗೆ ಮೇಲೆ ಸುರಿದರು. ಕಾಳು ತಾವೇ ಸುಲಿಯುತ್ತೇನೆಂದು ಅಜ್ಜಿ ಹಟ ಹಿಡಿದರು. ಏಳು ಕಾಳಿಗೆ ಅರ್ಧ ಗಂಟೆ, ಮಕ್ಕಳು ಎಣಿಸುತ್ತಾ ಕೂತಿದ್ದರು.

ನಮ್ಮ ವಾಳೆಯಲ್ಲಿ ಇನ್ನೂ ಎರಡು ಮನೆಗೆ ಜನ ಬೇಕು, ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ. ನರ್ಸಿಂಗ್ ಗೊತ್ತಿರಬೇಕೆಂದಿಲ್ಲ. ತಿಂಡಿ ತಿಂದು ಬನ್ನಿ.

– ನಿವೃತ್ತ ನರ್ಸ್, ಮಂಗಳೂರು